ಚೆನ್ನಮ್ಮನ ಫೋಟೋ

ಫೋಟೋ ಎಂಬ ಮಾತು ನಮ್ಮ ಕಡೆ ಕ್ಯಾಮರಾದ ಹಂಗಿನಲ್ಲಿಲ್ಲ. ಕಟ್ಟು ಹಾಕಿಸಿ ಗೋಡೆಗೆ ತೂಗಿದ್ದೆಲ್ಲ ಫೋಟೋ. ಎಲ್ಲಮ್ಮನ ಫೋಟೋ, ಬಸವಣ್ಣನವರ ಫೋಟೋ, ತೀರಿಹೋದ ಅಜ್ಜನ ಫೋಟೋ. ಮೂರಕ್ಕೂ ಒಂದೇ ಹೆಸರು. ಹಬ್ಬ ಬಂದರೆ ಒಂದೇ ಬಗೆಯ ಹಾರ.

ಮಲಪ್ರಭೆ ಗುಡ್ಡ ಸೀಳಿ ಹಾಯುವ ನವಿಲುತೀರ್ಥದಲ್ಲಿ ಈಗ ಆಣೆಕಟ್ಟು ನಿಂತಿದೆ. ಅದನ್ನು ನೋಡಿ ಎಲ್ಲಮ್ಮನ ಗುಡ್ಡಕ್ಕೆ ಹೊರಟವನು ದಾರಿಯಲ್ಲಿ ಒಂದು ಚಹಾದಂಗಡಿಯಲ್ಲಿ ಕುಳಿತೆ. ಗಲ್ಲಾದ ಮೇಲುಗಡೆ ಎಲ್ಲಮ್ಮ. ಅವಳ ಪಕ್ಕದಲ್ಲಿ ಕತ್ತಿ ಹಿಡಿದು ಕುದುರೆಯೇರಿದ ಕಿತ್ತೂರ ಚೆನ್ನಮ್ಮ.

“ಫೋಟೋ ಚಲೋ ಅದರಿ” ಎಂದೆ.

“ನಮ್ಮವ್ವರಿ ಆಕಿ” ಎಂದ ಮಾಲಕ, ಚಹಾ ಸೋಸುತ್ತ.

ಇಬ್ಬರಲ್ಲಿ ಯಾರನ್ನು ಕುರಿತು ಹೇಳಿದನೆಂದು ಕೇಳುವುದು ಉಚಿತವೆನಿಸಲಿಲ್ಲ.

ಲೆಕ್ಕ ಹಾಕಿದರೆ ರಾಣಿಯ ಫೋಟೋ ಅಸಾಧ್ಯದ ಮಾತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರಲ್ಲಿ. ದಾಗೆರ್‌ನ ಛಾಯಾಚಿತ್ರ ವಿದ್ಯೆ ಪ್ಯಾರಿಸ್ಸಿನಲ್ಲಿ ಪ್ರಕಟವಾದದ್ದು 1839ರಲ್ಲಿ. ನಡುವೆ ಹತ್ತು ವರ್ಷದ ಅಂತರ. ಅದನ್ನು ತುಂಬಿದ್ದು ಅಚ್ಚಿನ ಮನೆ.

ಅರಮನೆಯ ಎಣ್ಣೆಬಣ್ಣದ ಚಿತ್ರ ಒಂದೇ ಒಂದು. ನೋಡುವ ಭಾಗ್ಯವೂ ಕೆಲವರಿಗೆ ಮಾತ್ರ. ಅಚ್ಚಾದ ಮೇಲೆ ಮುಖಗಳು ಅರಮನೆಯ ಹೊಸ್ತಿಲು ದಾಟಿದವು. ಆದರೆ ಯಾರ ಮನೆಗೆ? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಟೀಪುವಿನ ಕೊನೆಯ ಹೋರಾಟವನ್ನು ಲಂಡನ್ನಿನ ಹೆನ್ರಿ ಸಿಂಗಲ್ಟನ್ ಚಿತ್ರಿಸಿದ. ಅದನ್ನು ಲೋಹದ ತಗಡಿನಲ್ಲಿ ಕೆತ್ತಿ, ಅಚ್ಚೊತ್ತಿ ಮಾರಿದರು. ಸೋತವನ ಮುಖ ಗೆದ್ದವರ ಗೋಡೆಗೆ ಅಲಂಕಾರವಾಯಿತು.

ನಮ್ಮ ಗೋಡೆಗಳ ಸರದಿ ಬಂದದ್ದು ತಡವಾಗಿ. 1894ರಲ್ಲಿ ರವಿವರ್ಮ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ. ನಯಮಾಡಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆದು, ನೀರು ಸವರಿ ಮಸಿ ಹಚ್ಚಿದರೆ, ಮಸಿ ಜಿಡ್ಡಿಗೆ ಮಾತ್ರ ಹತ್ತುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಹೀಗೆ ಲಕ್ಷ್ಮಿ ಸರಸ್ವತಿಯರು ಬಡವರ ಮನೆಗೂ ಬಂದರು. ಅವರು ತೆರೆದ ದಾರಿಯಲ್ಲಿ ನಾಡಿನ ವೀರರೂ ಬಂದರು. 1977ರಲ್ಲಿ ಚೆನ್ನಮ್ಮ ಅಂಚೆಚೀಟಿಯನ್ನೂ ಏರಿದಳು. ಕಂಪನಿ ಸರಕಾರ ಸೆರೆಯಲ್ಲಿಟ್ಟ ಮುಖ ಊರೂರು ತಿರುಗಿತು. ಸೋತವರ ಮೊಮ್ಮಕ್ಕಳ ಮನೆಯಲ್ಲಿ ಸೋಲೇ ಗೆಲುವಾಯಿತು. ಇದು ಅಚ್ಚಿನ ದೊಡ್ಡ ಉಪಕಾರ.

ಉಪಕಾರಕ್ಕೆ ಬೆಲೆಯೂ ಉಂಟು. ದೇವಿಯ ಪಟದ ಜೊತೆ ಮಾರಾಟಕ್ಕೆ ನಿಂತ ರಾಣಿಗೆ ದೇವಿಯ ಕೆನ್ನೆಯೇ ಬಂತು, ದೇವಿಯ ಕಿರೀಟವೇ ಬಂತು, ಎಂದೂ ಮಾಸದ ಹರೆಯವೂ ಬಂತು. 1824ರಲ್ಲಿ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಬಾಗಿಲಲ್ಲಿ ಸತ್ತುಬಿದ್ದಾಗ ಅವಳು ನಡುವಯಸ್ಸು ದಾಟುತ್ತಿದ್ದ ವಿಧವೆ. ಗಂಡ ಮಲ್ಲಸರ್ಜ ತೀರಿ ವರ್ಷಗಳಾಗಿದ್ದವು. ಸಂಸ್ಥಾನಕ್ಕೆ ಬಂದ ದತ್ತುಮಗನ ಹಕ್ಕು ಉಳಿಸಲು ಅವಳು ಕಾದಿದಳು. ಆ ಸಂಕಟ, ಆ ಹಟ, ನಿದ್ದೆಗೆಟ್ಟ ಆ ಕಣ್ಣು ನಮ್ಮ ಪಟಗಳಲ್ಲಿ ಕಾಣುವುದಿಲ್ಲ. ಪಟ ನೋಡಿ ಬೆಳೆದ ಮಗು ಯುದ್ಧವೆಂದರೆ ಒಡವೆ ಇಟ್ಟುಕೊಂಡು ಕುದುರೆಯೇರುವುದು ಎಂದೇ ತಿಳಿದೀತು.

ಹಳೆಯ ಪಟ ಇಳಿಸಬೇಕೆಂದು ನಾನು ಹೇಳುತ್ತಿಲ್ಲ. ಅದು ನಮ್ಮ ಅಭಿಮಾನದ ಮುಖ. ಅದರ ಪಕ್ಕದಲ್ಲಿ ಇನ್ನೊಂದು ಮೊಳೆಗೆ ಜಾಗವಿರಲಿ. ನರೆತ ಕೂದಲಿನ, ಬರಿಗೊರಳಿನ ಚೆನ್ನಮ್ಮನನ್ನು ಯಾರಾದರೂ ಕಲಾವಿದರು ಬರೆದು ಅಚ್ಚುಹಾಕಿಸಿದರೆ ಜನ ಅದಕ್ಕೂ ಹಾರ ಹಾಕಿಯಾರು. ಅವ್ವ ಎಂದು ಕರೆಯಲು ಆ ಮುಖವೇ ಹೆಚ್ಚು ಒಪ್ಪೀತು.