ಬಸ್ ಪಾಸ್ ಡೈರಿ 14: ಯಾವ ಫ್ಲೇವರ್ ಬ್ರೋ?

(1/6)

ಫೋಟೋದಲ್ಲಿರೋದು ವೇಪ್ ಅಲ್ಲ.

ನಿನ್ನೆ ಸ್ಟೋರಿ ಹಾಕಿದ್ದೆ. ಕೌದಿ ಮೇಲೆ ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆ, ಪಕ್ಕದಲ್ಲಿ ಅಜ್ಜಿ ಕೈ. ರಾತ್ರಿ ಹತ್ತರೊಳಗೆ 11 ಜನ ಡಿಎಂ ಮಾಡಿದ್ರು. "ಯಾವ ಫ್ಲೇವರ್ ಬ್ರೋ?" "ಎಲ್ಲಿ ಸಿಗ್ತೈತಿ ಮಾಮ?" ಒಬ್ಬ ಬರೇ ಹೊಗೆ ಇಮೋಜಿ ಕಳಿಸಿದ್ದ.

ಅದು ರೋಟಾಹೇಲರ್. ದಮ್ಮಿನ ರೋಗ ಇರೋರು ಔಷಧದ ಪುಡಿಯನ್ನ ಉಸಿರಿನ ಜೊತೆ ಎಳ್ಕೊಳ್ಳೋದು ಇದರಲ್ಲಿ. ಲಿಂಗಸುಗೂರಿನ ನಮ್ಮ ಅಜ್ಜಿದು.

ಕೇಳಿದವರ ಮೇಲೆ ಸಿಟ್ಟಿಲ್ಲ. ಹೋದ ವರ್ಷ ಇದೇ ಪೇಜಲ್ಲಿ ಹೊಗೆ ಬಿಡೋ ರೀಲ್ಸ್ ಹಾಕಿದ್ದು ನಾನೇ. (ಡಿಲೀಟ್ ಮಾಡೀನಿ, ಹುಡುಕಬ್ಯಾಡ್ರಿ.) ಸಿಂಧನೂರಲ್ಲಿ ನಮ್ಮ ಹುಡುಗರಿಗೆ ವೇಪ್ ಕಲಿಸಿದ "ಸರ್" ಕೂಡ ನಾನೇ. ಅದನ್ನ ಇವತ್ತು ಪೂರ್ತಿ ಬರೀತೀನಿ. ಉದ್ದ ಐತಿ. ಬಸ್ಸಲ್ಲಿ ಸೀಟ್ ಸಿಕ್ಕಾಗ ಓದ್ರಿ.

(2/6)

ಹೊಸಬರಿಗೆ ಕಲಿಸೋದು ಎಷ್ಟು ತಲೆನೋವು ಅಂತ ಕಲಿಸಿದವನಿಗೇ ಗೊತ್ತು.

ಒಬ್ಬ ಬೀಡಿ ಜಗ್ಗಿದಂಗೆ ಜಗ್ಗಿ ಐದು ನಿಮಿಷ ಕೆಮ್ಮಿದ. ಒಬ್ಬನ ಬಾಯಿಗೆ ಲಿಕ್ವಿಡ್ ಬಂದು, "ಇದೇನ್ಲೇ, ಕೆಮ್ಮಿನ ಔಷಧ ಇದ್ದಂಗೈತಿ" ಅಂತ ಉಗುಳಿ ಉಗುಳಿ ನನ್ನ ಶೂ ಹಾಳು ಮಾಡಿದ. ಇನ್ನೊಬ್ಬ ಜೇಬಲ್ಲಿಟ್ಟು ಬೈಕ್ ಮೇಲೆ ಕೂತ. ಲೀಕ್ ಆಗಿ ಪ್ಯಾಂಟೆಲ್ಲ ಮಾವಿನ ವಾಸನೆ. ಬಟ್ಟೆ ಒಗೆಯುವಾಗ ಅವರವ್ವ, "ಈಗ ಮಾವಿನ ಹಣ್ಣಿನ ಕಾಲ ಅಲ್ಲಲ್ಲೋ" ಅಂದಳಂತೆ.

ಹೇಳಿದ್ದನ್ನೇ ಹತ್ತು ಸಲ ಹೇಳಬೇಕು. ಲೈಟ್ ಹತ್ತವಲ್ದು ಅಂತ ರಾತ್ರಿ ಹನ್ನೊಂದಕ್ಕೆ ಫೋನ್. ಸುಟ್ಟ ವಾಸನೆ ಬರ್ತೈತಿ ಅಂತ ಕ್ಲಾಸ್ ನಡೀವಾಗ ಮೆಸೇಜ್. ಸಿಟ್ಟು ಬರ್ತಿತ್ತು. ಒಳಗೊಳಗೆ ಖುಷಿನೂ ಆಗ್ತಿತ್ತು, ಸುಳ್ಳು ಯಾಕ ಹೇಳ್ಲಿ. ಕಾಸ್ಟ್ ಅಕೌಂಟಿಂಗಲ್ಲಿ ನನ್ನ ಹತ್ರ ಡೌಟ್ ಕೇಳೋಕೆ ಯಾರೂ ಬರ್ತಿರಲಿಲ್ಲ. ಇದೊಂದರಲ್ಲಿ ಎಲ್ಲರಿಗೂ ನಾನು ಬೇಕಾಗಿದ್ದೆ.

ಎಲ್ಲರೂ ಕೇಳ್ತಿದ್ದ ಒಂದು ಪ್ರಶ್ನೆ ಇತ್ತು. "ಇದು ಬರೇ ನೀರಿನ ಹಬೆ, ಹೌದಿಲ್ಲೋ?"

"ಹೂಂ, ಬರೇ ಹಬೆ" ಅಂತಿದ್ದೆ. ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋಕೆ ನಾಚಿಕೆ.

(3/6)

ಆಮೇಲೆ ಓದಿ ತಿಳ್ಕೊಂಡಿದ್ದು.

ಹಬೆ ಅಲ್ಲ. ಒಳಗೆ ಒಂದು ಬ್ಯಾಟರಿ, ಒಂದು ಕಾಯಿಲ್, ಲಿಕ್ವಿಡ್ ಹೀರೋಕೆ ಹತ್ತಿ. ಹೌದು, ನಮ್ಮ ಹೊಲದಲ್ಲಿ ಬೆಳೀತೀವಲ್ಲ, ಅದೇ ಹತ್ತಿ. ಲಿಕ್ವಿಡ್‌ನಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಫ್ಲೇವರ್, ಹೆಚ್ಚಿನವುಗಳಲ್ಲಿ ನಿಕೋಟಿನ್. ಕಾಯಿಲ್ ಕಾದಾಗ ಇದೆಲ್ಲ ಸಣ್ಣ ಸಣ್ಣ ಹನಿ ಆಗಿ ಎದೆಯೊಳಗೆ ಹೋಗ್ತೈತಿ. ಮಾವಿನ ವಾಸನೆ ಇದ್ದರೂ ನಿಕೋಟಿನ್ ನಿಕೋಟಿನ್ನೇ. ನಮ್ಮ ಮಿದುಳು ಸುಮಾರು 25 ವರ್ಷದ ತನಕ ಬೆಳೀತಾ ಇರ್ತೈತಿ. ಅಷ್ಟರೊಳಗೆ ನಿಕೋಟಿನ್ ರೂಢಿ ಆದ್ರೆ ಬಿಡೋದು ಇನ್ನೂ ಕಷ್ಟ.

2003ರಲ್ಲಿ ಚೀನಾದ ಹೊನ್ ಲಿಕ್ ಅನ್ನೋ ಔಷಧ ತಜ್ಞ ಇವತ್ತಿನ ಇ-ಸಿಗರೇಟಿನ ಮೊದಲ ರೂಪ ಮಾಡಿದ. ಅವನೇ ಸಿಗರೇಟ್ ಬಿಡೋಕೆ ಒದ್ದಾಡ್ತಿದ್ದ, ಅದಕ್ಕೆ. ನಾನು ಕಲಿಸಿದವರ ಲೆಕ್ಕ ಹಾಕಿದೆ. 9 ಮಂದಿ. ಅದರಲ್ಲಿ ಮೊದಲೇ ಸಿಗರೇಟ್ ಸೇದ್ತಿದ್ದವರು ಸೊನ್ನೆ. ಬಿಡಿಸೋಕೆ ಅಂತ ಮಾಡಿದ್ದನ್ನ ನಾನು ಹಚ್ಚೋಕೆ ಬಳಸಿದೆ.

ಇನ್ನೊಂದು. ಕರ್ನಾಟಕದಲ್ಲಿ ಇದರ ಮಾರಾಟ 2016ರಲ್ಲೇ ನಿಷೇಧ ಆಗಿತ್ತು. 2019ರಲ್ಲಿ ಇಡೀ ದೇಶಕ್ಕೆ ಕಾಯ್ದೆ ಬಂತು. ತಯಾರಿಸೋದು, ಮಾರೋದು, ಹಂಚೋದು, ಜಾಹೀರಾತು ಮಾಡೋದು ಅಪರಾಧ. ಮೊದಲ ಸಲಕ್ಕೆ 1 ವರ್ಷದ ತನಕ ಜೈಲು, ಇಲ್ಲಾಂದ್ರೆ 1 ಲಕ್ಷದ ತನಕ ದಂಡ, ಇಲ್ಲಾಂದ್ರೆ ಎರಡೂ. ಬಿಸಿನೆಸ್ ಲಾ ಓದೋ ಹುಡುಗ ನಾನು. ರೀಲ್ಸ್ ಹಾಕುವಾಗ ಈ ಕಾಯ್ದೆ ಹೆಸರೂ ಕೇಳಿರಲಿಲ್ಲ.

(4/6)

ಆ 9 ಮಂದಿಯಲ್ಲಿ ಕಲಿಯೋಕೆ ಎಲ್ಲರಿಗಿಂತ ಹಿಂದೆ ಇದ್ದವ ನಮ್ಮ ಚಿಕ್ಕಪ್ಪನ ಮಗ. ಮಸ್ಕಿಯವ. ಆಗ ಅವನಿಗೆ 17, ಸೆಕೆಂಡ್ ಪಿಯುಸಿ.

ಅಶೋಕನ ಶಾಸನ ಇರೋ ಗುಡ್ಡದ ಕಡೆ ಹೋಗಿದ್ವಿ. ಅವನಿಗೆ ಇತಿಹಾಸ ಅಂದ್ರೆ ಪ್ರಾಣ. 1915ರಲ್ಲಿ ಈ ಶಾಸನ ಸಿಕ್ಕಿದ್ದು, ಬೇರೆ ಕಡೆ ಬರೇ ದೇವಾನಾಂಪ್ರಿಯ ಅಂತಿದ್ದ ರಾಜ ಅಶೋಕನೇ ಅಂತ ಇದರಿಂದ ಖಾತ್ರಿ ಆಗಿದ್ದು, ಎಲ್ಲ ಹೇಳ್ತಾ ಬರ್ತಿದ್ದ. ನಾನು ಕೇಳಿಸ್ಕೊಳ್ಳದೇ ಜೇಬಿಂದ ಇದನ್ನ ತೆಗೆದೆ.

ಮೊದಲ ಸಲ ಕೆಮ್ಮಿದ. "ಬ್ಯಾಡಣ್ಣ, ಎದಿ ಉರೀತೈತಿ" ಅಂದ. ಎರಡನೇ ಸಲನೂ ಕೆಮ್ಮಿದ. ವಾಪಸ್ ಕೊಟ್ಟುಬಿಟ್ಟ.

"ಇಷ್ಟೂ ಬರಂಗಿಲ್ಲೇನಲೇ ನಿನಗ?" ಅಂದೆ.

ಮೂರನೇ ಸಲ ಬಂತು.

ಎಷ್ಟೋ ರಾತ್ರಿ ಇದನ್ನೇ ಯೋಚನೆ ಮಾಡೀನಿ. ಅವನು ಕೆಮ್ಮಿದ್ದು ಅವನಿಗೆ ಬರಲಿಲ್ಲ ಅಂತ ಅಲ್ಲ. ಅವನ ಎದೆ ಬ್ಯಾಡ ಅಂತ ಹೇಳಿದ್ದು. ಅದು ಸರಿಯಾಗೇ ಹೇಳ್ತಿತ್ತು. ಎದೆ ಮಾತು ಕೇಳಬ್ಯಾಡ ಅಂತ ನಾನು ಕಲಿಸಿದೆ. ನಾನು ಅವತ್ತು ಬೇಜಾರಾಗಿ ಬಿಟ್ಟುಬಿಟ್ಟಿದ್ರೆ ಅವನು ಕಲೀತಾನೇ ಇರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ಮಸ್ಕಿ ಬಸ್ ಸ್ಟ್ಯಾಂಡಿಂದ ಫೋನ್ ಮಾಡಿದ. "ಅಣ್ಣ, 200 ರೂಪಾಯಿ ಹಾಕು." ಯಾಕಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ವೇಪ್ ಸಿಗದ ದಿನ ಸಿಗರೇಟ್ ಹಿಡಿದಿದ್ದ.

(5/6)

ಈಗ ಲಿಂಗಸುಗೂರಿಗೆ ಬರೋಣ.

ಅಜ್ಜಿ ಜೀವನದಲ್ಲಿ ಒಂದು ಬೀಡಿ ಮುಟ್ಟಿದವಳಲ್ಲ. ಐವತ್ತು ವರ್ಷ ಹತ್ತಿ ಕಟಗಿ ಒಲೆ ಮುಂದೆ ಕೂತು ರೊಟ್ಟಿ ಸುಟ್ಟವಳು. ಸೇದದೇ ಇದ್ದವರಿಗೂ ಒಲೆ ಹೊಗೆಯಿಂದ ದಮ್ಮಿನ ರೋಗ ಬರ್ತೈತಿ ಅಂತ ಡಾಕ್ಟ್ರು ಹೇಳಿದಾಗಲೇ ನಮಗೆ ಗೊತ್ತಾಗಿದ್ದು. ರೋಟಾಹೇಲರ್ ಕೊಟ್ಟು ಕಳಿಸಿದ್ರು. ಮನೆಗೆ ಬಂದು ನಾಲ್ಕು ದಿನ ಅಜ್ಜಿ ಆ ಕ್ಯಾಪ್ಸೂಲನ್ನ ನೀರು ಕುಡಿದು ನುಂಗಿದ್ದಳು. ಗುಳಿಗೆ ಅಂದ್ರೆ ನುಂಗೋದು ಅಂತಲೇ ಅವಳಿಗೆ ಗೊತ್ತು.

"ನೀ ಓದಿದಾವ, ಹೋಗಿ ಕಲಿಸು" ಅಂತ ಅಪ್ಪ ನನ್ನ ಕಳಿಸಿದ. ಚಿಕ್ಕಪ್ಪನ ಮಗನೂ ಬಂದಿದ್ದ.

ಕ್ಯಾಪ್ಸೂಲ್ ಹಾಕಿ, ತಿರುವಿ, ಕೈಗೆ ಕೊಟ್ಟೆ. ಅಜ್ಜಿ ಬಾಯಿಗಿಟ್ಟು ಜೋರಾಗಿ ಊದಿದಳು. ಪುಡಿಯೆಲ್ಲ ಹೊರಗೆ.

"ಊದಬ್ಯಾಡ ಅಜ್ಜಿ, ಒಳಗ ಎಳಿ."

ಇನ್ನೊಂದು ಕ್ಯಾಪ್ಸೂಲ್. ಮತ್ತೆ ಊದಿದಳು. ಮೂರನೇದೂ ಹಂಗೇ.

"ಇಷ್ಟೂ ಬರಂಗಿಲ್ಲೇನು ನಿನಗ?" ಅಂತ ಒದರಿದೆ.

ಅಜ್ಜಿ ಅದನ್ನ ಕೌದಿ ಮೇಲಿಟ್ಟು, "ನಾ ಒಲಿ ಊದಿದಾಕಿ ಯಪ್ಪಾ. ಊದೋದೇ ಬರ್ತೈತಿ ನನಗ" ಅಂದಳು.

ಚಿಕ್ಕಪ್ಪನ ಮಗ ನನ್ನ ಮುಖ ನೋಡಿದ. "ನನಗೂ ಹಿಂಗ ಅಂದಿದ್ದೆಲ್ಲಣ್ಣ" ಅಂದ. ಸಿಟ್ಟಿಂದ ಅಲ್ಲ, ಸುಮ್ಮನೆ ನೆನಪಾಗಿ ಅಂದಂಗೆ.

ನನಗೆ ಮಾತು ಹೊರಡಲಿಲ್ಲ. ಅವನೇ ಹೋಗಿ ಅಜ್ಜಿ ಮುಂದೆ ಕೂತ. "ಅಜ್ಜಿ, ಚಳಿಗಾಲದಾಗ ಮೈಮ್ಯಾಲೆ ತಣ್ಣೀರು ಬಿದ್ರ ಹೆಂಗ ಹಾ ಅಂತ ಉಸ್ರು ಎಳಕೋತಿ? ಹಂಗ." ಮೊದಲು ಹೇಲರ್ ಇಲ್ಲದೇ ನಾಲ್ಕೈದು ಸಲ ಮಾಡಿಸಿದ. ಉಸಿರನ್ನೆಲ್ಲ ಹೊರಗೆ ಬಿಡಿಸಿದ. ಆಮೇಲೆ ತುಟಿ ಬಿಗಿ ಹಿಡಿಸಿ, ಜೋರಾಗಿ ಎಳಿ ಅಂದ. ಒಳಗೆ ಕ್ಯಾಪ್ಸೂಲ್ ಗರ್‌ರ್ ಅಂತ ತಿರುಗಿತು. ಸರಿಯಾಗಿ ಎಳೆದ್ರೆ ಆ ಸದ್ದು ಬರಬೇಕು. ಉಸಿರು ಹಿಡಿಸಿ ಹತ್ತರ ತನಕ ಅವನೇ ಎಣಿಸಿದ. ಬಾಯಿ ಮುಕ್ಕಳಿಸೋಕೆ ನೀರು ತಂದುಕೊಟ್ಟ.

ಎಷ್ಟು ಚಂದ ಕಲಿಸಿದ. ಎದೆ ತುಂಬ ಎಳ್ಕೊಳ್ಳೋದು ಹೆಂಗಂತ ಅವನಿಗೆ ಯಾರು ಕಲಿಸಿದ್ದು ಅಂತ ನೆನಪಾಗಿ ನಾನು ಅಂಗಳಕ್ಕೆ ಎದ್ದುಹೋದೆ.

(6/6)

ಅವತ್ತು ರಾತ್ರಿ ಮಾಳಿಗೆ ಮೇಲೆ ಕೂತು ಇಬ್ರೂ ಮಾತಾಡಿದ್ವಿ. ಮೊದಲು ತಪ್ಪಾಯ್ತು ಅಂದೆ. "ಬಿಡಣ್ಣ" ಅಂದ. ಬಿಡೋದು ಅಷ್ಟು ಸುಲಭ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಮರುದಿನ 1800-112-356ಕ್ಕೆ ಫೋನ್ ಮಾಡಿದ್ವಿ. ತಂಬಾಕು ಬಿಡೋರಿಗೆ ಸರ್ಕಾರದ ಸಹಾಯವಾಣಿ, ದುಡ್ಡು ಹೋಗಲ್ಲ, ಕನ್ನಡದಲ್ಲೂ ಮಾತಾಡ್ತಾರೆ. ಬೈಯ್ತಾರೇನೋ ಅಂತ ಅವನು ಹೆದರಿದ್ದ. ಯಾರೂ ಬೈಯ್ಯಲಿಲ್ಲ. ಬಿಡೋಕೆ ಒಂದು ದಿನ ಗೊತ್ತು ಮಾಡ್ಕೋ ಅಂದ್ರು. ನಾನೂ ಅದೇ ದಿನ ಗೊತ್ತು ಮಾಡ್ಕೊಂಡೆ.

ಇವತ್ತಿಗೆ 41 ದಿನ. ಅವನು ಎರಡು ಸಲ ತಪ್ಪಿದ, ನಾನು ಒಂದು ಸಲ. ತಪ್ಪಿದ ರಾತ್ರಿ ಫೋನ್ ಮಾಡ್ತಾನೆ. "ಇಷ್ಟೂ ಆಗಂಗಿಲ್ಲೇನು" ಅಂತ ನಾನು ಅನ್ನಲ್ಲ. ನಾಲಿಗೆ ತುದಿಗೆ ಬರ್ತೈತಿ, ಆದ್ರೂ ಅನ್ನಲ್ಲ. ನಾಳೆಯಿಂದ ಮತ್ತೆ ಎಣಿಸೋಣ ಅಂತೀನಿ. ಚಿಕ್ಕಪ್ಪನಿಗೆ ಇನ್ನೂ ಹೇಳಿಲ್ಲ. ಈ ಪೋಸ್ಟ್ ಹಾಕೋ ಮೊದಲು ಅವನನ್ನ ಕೇಳಿದೆ. "ಹಾಕು, ಹೆಸರು ಹಾಕಬ್ಯಾಡ" ಅಂದ. ಬರೋ ಭಾನುವಾರ ಇಬ್ರೂ ಕೂಡಿ ಚಿಕ್ಕಪ್ಪನ ಮುಂದೆ ಕೂತ್ಕೋತೀವಿ. ಅದಕ್ಕೆ ಮಾತ್ರ ಬಹಳ ಹೆದರಿಕೆ ಐತಿ.

ಉಳಿದ 8 ಮಂದಿಯಲ್ಲಿ 6 ಮಂದಿಗೆ ಫೋನ್ ಮಾಡೀನಿ. ಇಬ್ಬರು ನಕ್ಕರು, ಒಬ್ಬ ಕಟ್ ಮಾಡಿದ, ಮೂವರು ನಂಬರ್ ಬರ್ಕೊಂಡ್ರು. ಇನ್ನಿಬ್ಬರು ಇದನ್ನ ಓದ್ತಿದ್ರೆ, ಅವತ್ತು ಬರೇ ಹಬೆ ಅಂದಿದ್ದೆನಲ್ಲ, ಅದು ಸುಳ್ಳು. ಫೋನ್ ಎತ್ತ್ರಿ.

ಫ್ಲೇವರ್ ಕೇಳಿದ 11 ಜನಕ್ಕೆ ಉತ್ತರ. ನಿನ್ನೆ ಅಜ್ಜಿನ ಕೇಳಿದೆ. "ಸಪ್ಪನ ಹಾಲಿನ ಪುಡಿ ಇದ್ದಂಗ ಐತಿ ನೋಡು. ಆದ್ರ ರಾತ್ರಿ ನಿದ್ದಿ ಬರ್ತೈತಿ" ಅಂದಳು.

#ಬಸ್‌ಪಾಸ್‌ಡೈರಿ #ಸಿಂಧನೂರು #ಮಸ್ಕಿ #ಲಿಂಗಸುಗೂರು #ದಮ್ಮು