ಬೀದರಿಗೆ ಹೋದರೆ

ಬೀದರ್ ಕೋಟೆಗೆ ಹೋದವರು ಹೆಬ್ಬಾಗಿಲಲ್ಲಿ ಫೋಟೊ ತೆಗೆಸಿಕೊಂಡು ಹಾಗೇ ಬಂದುಬಿಡಬೇಡಿ. ಕೋಟೆಯೊಳಗಿನ ರಂಗೀನ್ ಮಹಲ್ ಅರಮನೆಗೆ ಬೀಗ ಹಾಕಿದ್ದರೆ ಕಾವಲಿನವರನ್ನು ಕೇಳಿ ನೋಡಿ. ಒಳಗೆ ನುಣುಪಾದ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿ ಬಳ್ಳಿ ಬಿಡಿಸಿದ್ದಾರೆ. ತಲೆ ಒಂಚೂರು ಆಚೀಚೆ ಮಾಡಿದರೆ ಸಾಕು, ಅದೇ ಎಸಳು ಒಮ್ಮೆ ಹಸಿರು, ಒಮ್ಮೆ ಗುಲಾಬಿ. ಕಡಲೇ ಇಲ್ಲದ ಊರಿಗೆ ಚಿಪ್ಪು ತರಿಸಿ ಕಲ್ಲಲ್ಲಿ ಇಷ್ಟು ನಾಜೂಕಾಗಿ ಕೂರಿಸಿದ ಕುಶಲಕರ್ಮಿಗಳಿಗೆ ಎಷ್ಟು ಕೈಮುಗಿದರೂ ಸಾಲದು.

ಬಂಡೆ ಕಡಿದು ಮಾಡಿದ ಮೂರು ಸಾಲಿನ ಕಂದಕವೂ ಕೋಟೆಯಲ್ಲೇ ಇದೆ, ಅದನ್ನೂ ನೋಡಿ ಬನ್ನಿ.

ಆಮೇಲೆ ಪೇಟೆಯೊಳಗಿನ ಮದರಸಾ. ಪರ್ಷಿಯಾದಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ್ದು. ಅರ್ಧ ಕುಸಿದಿದೆ, ಆದರೂ ಉಳಿದ ಮಿನಾರಿನ ಬಣ್ಣದ ಹೆಂಚುಗಳನ್ನು ನೋಡಬೇಕು! ಹೈದರಾಬಾದಿಗೆ ಹೊರಟವರು ದಯವಿಟ್ಟು ಒಂದು ದಿನ ಇಲ್ಲಿ ಇಳಿದುಕೊಳ್ಳಿ.