ಗೋಡೆಯಿಲ್ಲದ ನಾಡಿನ ಹಾಡು

ಲಾಸ್ ಏಂಜಲೀಸ್ ನಗರದಿಂದ ಪೂರ್ವಕ್ಕೆ ಹೊರಟ ಪ್ರವಾಸಿಗೆ ಬಹುದೂರದವರೆಗೆ ಮನೆ, ಅಂಗಡಿ, ಹೆದ್ದಾರಿಗಳ ಸಂತೆ ಮುಗಿಯುವಂತೆಯೇ ತೋರುವುದಿಲ್ಲ. ಆಮೇಲೆ ಇಕ್ಕೆಲಗಳಲ್ಲಿ ಎರಡು ಪರ್ವತಗಳು ಎದ್ದು ನಿಲ್ಲುತ್ತವೆ. ಎಡಕ್ಕೆ 11,503 ಅಡಿ ಎತ್ತರದ ಸ್ಯಾನ್ ಗೊರ್ಗೋನಿಯೊ. ಬಲಕ್ಕೆ 10,834 ಅಡಿಯ ಸ್ಯಾನ್ ಹಸಿಂಟೊ. ಇವುಗಳ ನಡುವಣ ಇಕ್ಕಟ್ಟಿನಲ್ಲಿ ನುಗ್ಗುವ ಗಾಳಿಗೆ ಸಾಲುಸಾಲು ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಅದನ್ನು ದಾಟಿದರೆ ಕೋಚೆಲ್ಲ ಕಣಿವೆ.

ಸಮುದ್ರದಿಂದ ಬರುವ ಮೋಡಗಳನ್ನು ಪರ್ವತಗಳು ಆಚೆಯೇ ತಡೆದು ಬರಿದುಮಾಡುವುದರಿಂದ ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ ಕೆಲವೇ ಅಂಗುಲ ಮಾತ್ರ. ಬೇಸಗೆಯಲ್ಲಿ ಉಷ್ಣತೆ 110 ಡಿಗ್ರಿ ಫ್ಯಾರನ್‌ಹೀಟನ್ನು ಮೀರುವುದು ಸಾಮಾನ್ಯ. ಆದರೂ ಪಾಮ್ ಸ್ಪ್ರಿಂಗ್ಸ್, ಪಾಮ್ ಡೆಸರ್ಟ್ ಊರುಗಳಲ್ಲಿ ಶ್ರೀಮಂತರ ಗಾಲ್ಫ್ ಮೈದಾನಗಳು ಪಚ್ಚೆ ಹಾಸಿದಂತಿವೆ. ಇಂಡಿಯೊ ಕಡೆಗೆ ಖರ್ಜೂರದ ತೋಪುಗಳಿವೆ. ಕಣಿವೆಯ ಉತ್ತರದ ಅಂಚಿನಲ್ಲಿ, ಈ ವೈಭವಕ್ಕೆ ಹೊರಗಾಗಿ, ಸ್ಕೈ ವ್ಯಾಲಿ ಎಂಬ ವಿರಳ ವಸತಿಯೊಂದಿದೆ. ಕುರುಚಲು ಗಿಡ, ಮರಳು, ಅದರ ಮೇಲೆ ಅಪಾರವಾದ ಆಕಾಶ. ಪ್ರೇಕ್ಷಣೀಯವೆನ್ನಬಹುದಾದ ಕಟ್ಟಡವೊಂದೂ ಅಲ್ಲಿಲ್ಲ. ಆದರೆ ಊರಿಗೆ ಸ್ವಾಗತ ಕೋರುವ ಅಲ್ಲಿಯ ನಾಮಫಲಕವನ್ನು ದೇಶದೇಶಗಳ ಸಂಗೀತಪ್ರಿಯರು ಗುರುತಿಸಬಲ್ಲರು. ಕಾರಣ, 1994ರ ಜೂನ್ 28ರಂದು ಹೊರಬಂದ ಒಂದು ಆಲ್ಬಂ. ಅದರ ಹೊದಿಕೆಯ ಮೇಲಿರುವುದು ಆ ಫಲಕದ ಚಿತ್ರವೇ.

ನುಡಿಸಿದ ತಂಡದ ಹೆಸರು ಕಯಸ್. ಆಲ್ಬಮ್ಮಿಗೆ ತಂಡವು ತನ್ನ ಹೆಸರನ್ನೇ ಇಟ್ಟಿದ್ದರೂ ಜನ ಅದನ್ನು ಫಲಕದ ಮಾತಿನಿಂದಲೇ, 'ವೆಲ್‌ಕಮ್ ಟು ಸ್ಕೈ ವ್ಯಾಲಿ' ಎಂದು ಕರೆಯುತ್ತ ಬಂದಿದ್ದಾರೆ. ಜಾನ್ ಗಾರ್ಸಿಯಾ ಹಾಡುಗಾರ. ಜಾಶ್ ಹೋಮಿ ಗಿಟಾರ್. ಸ್ಕಾಟ್ ರೀಡರ್ ಬಾಸ್. ಬ್ರ್ಯಾಂಟ್ ಬ್ಯೋರ್ಕ್ ಡ್ರಮ್. ಈ ಬಗೆಯ ಸಂಗೀತಕ್ಕೆ ಲೋಕ ಕೊಟ್ಟ ಹೆಸರು 'ಸ್ಟೋನರ್ ರಾಕ್'. ಇಲ್ಲಿ 'ಸ್ಟೋನ್' ಎಂದರೆ ಕಲ್ಲಲ್ಲ. ಗಾಂಜಾದ ಅಮಲಿನಲ್ಲಿರುವವನಿಗೆ ಅಮೆರಿಕದ ಆಡುಮಾತಿನಲ್ಲಿ 'ಸ್ಟೋನರ್' ಎನ್ನುತ್ತಾರೆ. ನುಡಿಸಿದವರಲ್ಲಿಯೇ ಹಲವರಿಗೆ ಈ ಹೆಸರು ರುಚಿಸಲಿಲ್ಲ. 'ಮರುಭೂಮಿಯ ರಾಕ್' ಎಂಬ ಇನ್ನೊಂದು ಹೆಸರೇ ಹೆಚ್ಚು ನ್ಯಾಯವಾದುದು. ಏಕೆಂದರೆ ಈ ಸಂಗೀತವನ್ನು ರೂಪಿಸಿದ್ದು ಹೊಗೆಗಿಂತ ಹೆಚ್ಚಾಗಿ ನೆಲ.

ಅದು ಹೇಗೆಂಬುದನ್ನು ಕೇಳಿ. 1980ರ ದಶಕದಲ್ಲಿ ಈ ಊರುಗಳ ತರುಣರಿಗೆ ತಮ್ಮ ಅಬ್ಬರದ ವಾದ್ಯಗಳನ್ನು ನುಡಿಸಲು ರಂಗಮಂದಿರಗಳಿರಲಿಲ್ಲ. ವಿಶ್ರಾಂತಿಗೆಂದು ಬಂದು ನೆಲಸಿದ ಹಿರಿಯರ ನೆರೆಯಲ್ಲಿ ಅಂಥ ಸದ್ದಿಗೆ ಸ್ಥಳವೆಲ್ಲಿ? ಮಾರಿಯೊ ಲಾಲಿ ಎಂಬ ಗಿಟಾರ್ ವಾದಕನೂ ಗೆಳೆಯರೂ ಪೆಟ್ರೋಲಿನಿಂದ ನಡೆಯುವ ಜನರೇಟರೊಂದನ್ನು ಹೊತ್ತು ರಾತ್ರಿವೇಳೆ ಬಯಲಿಗೆ ಹೋದರು. ಗೋಡೆಯಿಲ್ಲ, ಚಾವಣಿಯಿಲ್ಲ, ಪ್ರವೇಶಧನವಿಲ್ಲ. ಇಂಧನ ಇರುವಷ್ಟು ಹೊತ್ತು ಕಛೇರಿ. ಕಯಸ್ ತಂಡದವರು ಬೆಳೆದದ್ದು ಈ ಬಯಲಿನಲ್ಲಿಯೇ.

ನಾಲ್ಕು ಗೋಡೆಗಳ ನಡುವೆ ನುಡಿಸುವವನಿಗೆ ಅವನ ಸ್ವರ ಮರಳಿ ಬಂದು ಬೆಂಬಲವಾಗುತ್ತದೆ. ಬಯಲಿನಲ್ಲಿ ಹೋದ ಸ್ವರ ಹೋದದ್ದೇ. ಅಲ್ಲಿ ತೆಳುವಾದ ನಾದ ಗಾಳಿಯ ಪಾಲಾಗುತ್ತದೆ; ಮಂದ್ರವಾದುದು, ತುಂಬುದನಿಯದು ಮಾತ್ರ ನಿಲ್ಲುತ್ತದೆ. ಹೋಮಿ ತನ್ನ ಗಿಟಾರಿನ ತಂತಿಗಳನ್ನು ವಾಡಿಕೆಯ ಶ್ರುತಿಗಿಂತ ನಾಲ್ಕು ಅರ್ಧಸ್ವರಗಳಷ್ಟು ಕೆಳಕ್ಕೆ ಸಡಿಲಿಸಿದ. ಬಾಸ್ ಗಿಟಾರಿಗೆಂದು ಮಾಡಿದ ಆಂಪ್ಲಿಫೈಯರುಗಳ ಮೂಲಕ ನುಡಿಸಿದ. ಅದರಿಂದ ಹೊಮ್ಮಿದ ನಾದ ಕಿವಿಯನ್ನು ಮಾತ್ರ ತಾಕುವುದಿಲ್ಲ, ಎದೆಗೂಡನ್ನೂ ನಡುಗಿಸುತ್ತದೆ.

1993ರಲ್ಲಿ, ಲಾಸ್ ಏಂಜಲೀಸಿನ ಸೌಂಡ್ ಸಿಟಿ ಸ್ಟುಡಿಯೋದಲ್ಲಿ, ಕ್ರಿಸ್ ಗಾಸ್ ಅವರ ನೇತೃತ್ವದಲ್ಲಿ ಈ ನಾದವನ್ನು ಮುದ್ರಿಸಿಕೊಂಡರು. ಹೋಮಿ, ಬ್ಯೋರ್ಕ್ ಇಬ್ಬರಿಗೂ ಆಗ ಇಪ್ಪತ್ತರ ಆಸುಪಾಸಿನ ವಯಸ್ಸು. ಹತ್ತು ಹಾಡುಗಳನ್ನು ಬಿಡಿಬಿಡಿಯಾಗಿಡದೆ ಮೂರು ದೀರ್ಘ ಖಂಡಗಳಾಗಿ ಬೆಸೆದರು; ಕೊನೆಯಲ್ಲಿ ಒಂದು ಪುಟ್ಟ ತಮಾಷೆಯನ್ನೂ ಬಚ್ಚಿಟ್ಟರು. ಮೊದಲ ಸಿ.ಡಿ.ಯಲ್ಲಿ ಮೆಚ್ಚಿದ ಹಾಡಿಗೆ ನೆಗೆಯಲು ದಾರಿಯಿರಲಿಲ್ಲ. ಗಮನವನ್ನು ಬೇರೆಡೆ ಹರಿಸದೆ ಕೇಳಿರೆಂಬ ಸೂಚನೆಯೂ ಅದರೊಡನೆ ಅಚ್ಚಾಗಿತ್ತು. ಇದು ಹುಡುಗರ ಉದ್ಧಟತನವೆ? ಅಲ್ಲವೆಂದು ತೋರುತ್ತದೆ. ಮರುಭೂಮಿಯ ದಾರಿಯನ್ನು ಯಾರೂ ನಡುವೆ ಹಾರಿ ದಾಟಲಾರರು.

ಮೊದಲ ಖಂಡದಲ್ಲಿ 'ಗಾರ್ಡೀನಿಯ' ಹಾಡು ಭಾರದ ಬಂಡಿ ಹೊರಟಂತೆ ಹೊರಡುತ್ತದೆ. ಹಿಂದೆಯೇ ಮಾತಿಲ್ಲದ 'ಆಸ್ಟರಾಯ್ಡ್'. ಎರಡನೆಯದು ನೂರು ಡಿಗ್ರಿಯೆಂಬ ಹೆಸರಿನ ಬಿರುಸಾದ ಹಾಡಿನಿಂದ ತೊಡಗಿ, ಥಟ್ಟನೆ 'ಸ್ಪೇಸ್ ಕೆಡೆಟ್' ಎಂಬ ಮೆಲುದನಿಗೆ ಇಳಿಯುತ್ತದೆ. ಅಲ್ಲಿ ಅಬ್ಬರವೆಲ್ಲ ಅಡಗಿ, ವಿದ್ಯುತ್ತಿನ ಹಂಗಿಲ್ಲದ ಗಿಟಾರಿನ ದನಿ ಉಳಿಯುತ್ತದೆ.

ಈ ತಂಪಿನ ಮರ್ಮ ತಿಳಿಯಬೇಕಾದರೆ ಮತ್ತೆ ಕಣಿವೆಯತ್ತ ಕಣ್ಣು ಹಾಯಿಸಬೇಕು. ಸ್ಕೈ ವ್ಯಾಲಿಗೆ ಸಮೀಪದಲ್ಲಿಯೇ ಸ್ಯಾನ್ ಆಂಡ್ರಿಯಾಸ್ ಎಂಬ ಪ್ರಸಿದ್ಧ ಭೂಬಿರುಕು ಹಾದುಹೋಗಿದೆ. ಭೂಕಂಪಗಳ ತವರು ಅದು. ಆದರೆ ನೆಲದೊಳಗೆ ಹರಿಯುವ ನೀರನ್ನು ಅಡ್ಡಗಟ್ಟಿ ಮೇಲಕ್ಕೆ ತಳ್ಳುವುದೂ ಆ ಬಿರುಕೇ. ಹಾಗೆ ಜಿನುಗಿದ ನೀರಿನಿಂದ ಥೌಸಂಡ್ ಪಾಮ್ಸ್ ಎಂಬಲ್ಲಿ ಬೀಸಣಿಗೆಯಂಥ ಎಲೆಗಳ ತಾಳೆಮರಗಳ ತೋಪು ತಾನೇ ತಾನಾಗಿ ಬೆಳೆದು ನಿಂತಿದೆ. ನಡುಗಿಸುವ ಶಕ್ತಿಯೇ ನೀರನ್ನೂ ಕೊಡುತ್ತದೆ. ಈ ಆಲ್ಬಮ್ಮಿನ ಅಬ್ಬರವೂ ತಂಪೂ ಹೀಗೆ ಒಂದೇ ಬಿರುಕಿನಿಂದ ಹುಟ್ಟಿದವೆನ್ನಿಸುತ್ತದೆ.

ಮೂರನೆಯ ಖಂಡದಲ್ಲಿ 'ಎನ್. ಓ.' ಎಂಬ ಹಾಡಿದೆ. ಅದು 'ಅಕ್ರಾಸ್ ದ ರಿವರ್' ತಂಡದ್ದು. ಲಾಲಿ, ರೀಡರ್ ಇಬ್ಬರೂ ಹಿಂದೆ ಆ ತಂಡದಲ್ಲಿದ್ದವರು. ಬಯಲಿನ ಹಿರಿಯರಿಗೆ ಕಿರಿಯರು ಸಲ್ಲಿಸಿದ ಋಣವೆನ್ನೋಣ. ಕೊನೆಯ ಹಾಡು 'ವೈಟ್‌ವಾಟರ್'. ಕಣಿವೆಯ ಒಂದು ನದಿಗೂ ಅದೇ ಹೆಸರು. ಸುಮಾರು ಎಂಟು ನಿಮಿಷಗಳ ಆ ಹಾಡಿಗೆ ಅವಸರವೆಂಬುದೇ ಇಲ್ಲ.

ಆಲ್ಬಂ ಹೊರಬಂದಾಗ ಭಾರಿ ಮಾರಾಟವೇನೂ ಆಗಲಿಲ್ಲ. ಬ್ಯೋರ್ಕ್ ತಂಡವನ್ನು ಬಿಟ್ಟ. 1995ರಲ್ಲಿ ತಂಡವೇ ಚೆದುರಿತು. 1999ರಲ್ಲಿ ಇದೇ ಕಣಿವೆಯ ಇಂಡಿಯೊದಲ್ಲಿ, ಪೋಲೊ ಆಡುವ ಹುಲ್ಲುಮೈದಾನದಲ್ಲಿ, ಕೋಚೆಲ್ಲ ಸಂಗೀತೋತ್ಸವ ಆರಂಭವಾಗಿ ಜಗತ್ಪ್ರಸಿದ್ಧವಾಯಿತು. ಹುಡುಗರಿಗೆ ಒಂದು ವೇದಿಕೆ ದೊರೆಯದಿದ್ದ ನೆಲದಲ್ಲಿ ಈಗ ವೇದಿಕೆಗಳ ಜಾತ್ರೆ. ಆದರೆ ಜಾತ್ರೆಯಲ್ಲಿ ಕೇಳಿಸದ ಒಂದು ದನಿಯಿದೆ. ಕೇಳುವವರು ಬರುವರೋ ಇಲ್ಲವೋ ಎಂಬ ಭರವಸೆಯಿಲ್ಲದೆಯೂ ಪೂರ್ಣಪ್ರಾಣದಿಂದ ನುಡಿಸಿದವರ ದನಿ ಅದು. ಅದನ್ನು ಕೇಳಲು ಕ್ಯಾಲಿಫೋರ್ನಿಯಕ್ಕೆ ಹೋಗಬೇಕಾಗಿಲ್ಲ. ಬಿಡುವಿನ ಒಂದು ರಾತ್ರಿ, 50 ನಿಮಿಷಗಳಿಗೆ ತುಸು ಮಿಕ್ಕಿದ ಕಾಲ, ನಡುವೆ ಎದ್ದುಹೋಗದ ತಾಳ್ಮೆ, ಇಷ್ಟಿದ್ದರೆ ಸಾಕು.